ಮಂಡಿನೋವಿನ ಪ್ರಾರ್ಥನೆ

ತೀರಿಹೋದವರ ಮನೆಯ ಒಳಮಾತನ್ನು ಹೊರಗೆ ಆಡುವುದು ಒಳ್ಳೆಯದಲ್ಲ. ಅದರಲ್ಲೂ ಕೃಪಾವತಿಯಂತೆ ಬಾಯಿ ಬಿಗಿಹಿಡಿದು ಬದುಕಿದವರ ವಿಷಯವನ್ನು ಹೀಗೆ ಬರೆಯುವುದು ಸರಿಯೋ ತಪ್ಪೋ ಎಂಬ ಅಳುಕು ಇದ್ದೇ ಇದೆ. ಓದುವವರು ಕ್ಷಮಿಸಬೇಕು.

ಸ್ಪಂದನ ತನ್ನ ತಾಯಿ ಕೃಪಾವತಿಯ ಎಡಗಾಲಿಗೆ ಬಿಳಿ ಕಾಲುಚೀಲ ಹಾಕಲು ಹೆಣಗುತ್ತಿದ್ದಳು. ಪಾದ ಸೆಟೆದುಕೊಂಡಿತ್ತು. ಚೀಲ ಹಿಮ್ಮಡಿಯ ತನಕ ಬಂದು ಅಲ್ಲೇ ಸುರುಳಿ ಸುತ್ತಿಕೊಳ್ಳುತ್ತಿತ್ತು.

"ಬಲವಂತ ಮಾಡ್ಬೇಡ ಕಂದಾ. ಕೊಡಿಲ್ಲಿ," ಎಂದು ರಾಗಿಣಿ ಆಂಟಿ ಪಕ್ಕದಲ್ಲಿ ಕೂತು, ಚೀಲವನ್ನು ಪೂರ್ತಿ ಮಡಚಿ, ಬೆರಳಿನಿಂದ ಶುರುಮಾಡಿ ಮೆಲ್ಲಗೆ ಏರಿಸಿದರು. ಅವರ ಕೈಗೆ ಇಂಥ ಕೆಲಸ ಹೊಸದಲ್ಲ. ಹೊಸಹಳ್ಳಿಯ ಚಿಕ್ಕ ಕ್ರೈಸ್ತ ಸಭೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆಸುವವರು ಅವರೇ. ಯಾರ ಮನೆಯಲ್ಲಿ ಹೆರಿಗೆಯಾದರೂ ಸಾವಾದರೂ ಮೊದಲು ಬಾಗಿಲು ತಟ್ಟುವವರೂ ಅವರೇ. ನಿನ್ನೆ ಸಂಜೆ ಕೃಪಾವತಿಯ ಎದೆಬಡಿತ ಇದ್ದಕ್ಕಿದ್ದಂತೆ ನಿಂತುಹೋಯಿತೆಂದು ಗೊತ್ತಾದ ಮೇಲೆ ಪೆಟ್ಟಿಗೆ, ಹೂವು, ವ್ಯಾನು, ಶಾಮಿಯಾನ ಎಲ್ಲವನ್ನೂ ಫೋನಿನಲ್ಲೇ ಹೊಂದಿಸಿದ್ದರು. ಸ್ಪಂದನ ಸುಮ್ಮನೆ ತಲೆಯಾಡಿಸಿದ್ದಳು, ಅಷ್ಟೆ.

ಕಾಲುಚೀಲ ಹಾಕಿ ಮುಗಿಸಿ ರಾಗಿಣಿ ಆಂಟಿ ಬಿಳಿ ಸೀರೆಯ ಮೇಲಿನಿಂದಲೇ ಮಂಡಿಗಳನ್ನು ಸವರಿದರು. ಅವರ ಕಣ್ಣು ತುಂಬಿತು. "ಇವಕ್ಕೆ ಇನ್ಮೇಲೆ ನೋವಿಲ್ಲ. ಎಷ್ಟು ವರ್ಷ ಪ್ರಾರ್ಥನೆ ಮಾಡಿದ್ವಿ ಈ ಮಂಡಿಗೋಸ್ಕರ! ಸ್ವಾಮಿ ಕೊನೆಗೆ ಈ ಥರ ಗುಣ ಮಾಡ್ಬಿಟ್ಟ."

ಫೋನು ಬಂತು. ವ್ಯಾನಿನವನು ದಾರಿ ಕೇಳುತ್ತಿದ್ದ. ಆಂಟಿ ಎದ್ದು ಬಾಲ್ಕನಿಗೆ ಹೋದರು.

ಗೋಡೆಗೆ ಒರಗಿ ಕೂತಿದ್ದ ಮುನಿತಾಯಮ್ಮ ಮುಂದಕ್ಕೆ ಬಾಗಿದರು. ಕೆಳಗಿನ ಮನೆಯಲ್ಲಿರುವ ಅವರೇ ಈ ಕಟ್ಟಡದ ಒಡತಿ, ಅತ್ತಿಗುಪ್ಪೆಯ ಹಳೇ ಕುಳ.

"ಆವಮ್ಮ ಯಾರ ಮಂಡಿ ವಿಷ್ಯ ಹೇಳಿದ್ದು?"

"ಅಮ್ಮಂದು ಆಂಟಿ. ಮಂಡಿ ನೋವಿತ್ತಲ್ಲ, ತುಂಬಾ ವರ್ಷದಿಂದ."

"ಯಾರ್ಗೆ? ಕೃಪಮ್ಮಂಗಾ?" ಮುನಿತಾಯಮ್ಮ ಸಾವಿನ ಮನೆಯೆಂಬುದನ್ನೂ ಮರೆತು ಹುಬ್ಬೇರಿಸಿದರು. "ಮಂಡಿ ನೋವು ನಂಗೆ ಕಣಮ್ಮ! ಬೆಳಗಾದ್ರೆ ನನ್ನ ಎಳ್ಕೊಂಡು ಪಾರ್ಕಿಗೆ ಹೋಗೋಳು. ನಾನು ಬೆಂಚಿನ್ ಮೇಲೆ ಕೂತ್ರೆ ಬೈಯ್ಯೋಳು. ಹಪ್ಪಳ ಒಣಗಾಕೋಕೆ ಟೆರೇಸಿಗೆ ಹುಡ್ಗಿ ಥರ ಹತ್ತೋಳು. ನನ್ ಮಂಡಿಗೆ ಎಣ್ಣೆ ಕಾಯ್ಸಿ ತಿಕ್ತಿದ್ದೋಳೇ ಅವ್ಳು. ಅವ್ಳಿಗೆಲ್ಲಿ ಮಂಡಿ ನೋವು?"

ಸ್ಪಂದನ ತಾಯಿಯ ಕಾಲುಗಳನ್ನು ನೋಡಿದಳು. ಅಮ್ಮ ಸಣ್ಣ ಸುಳ್ಳಿಗೂ ನಾಲಿಗೆ ಕಚ್ಚಿಕೊಳ್ಳುವವಳು. ಗದಗಿನ ಕಡೆಯ ಮಿಷನ್ ಕೇರಿಯಲ್ಲಿ ಹುಟ್ಟಿ, ಮದುವೆಯಾಗಿ ಬೆಂಗಳೂರಿಗೆ ಬಂದು, ಗಂಡ ಸತ್ತ ಮೇಲೆ ಒಂದು ನರ್ಸರಿ ಶಾಲೆಯಲ್ಲಿ ಆಯಾ ಆಗಿ ದುಡಿದು ಮಗಳನ್ನು ಓದಿಸಿದವಳು. ಇಲ್ಲದ ನೋವಿಗೆ ಇಡೀ ಸಭೆಯಿಂದ ಪ್ರಾರ್ಥನೆ ಮಾಡಿಸುವಂಥದ್ದು ಅವಳಿಗೆ ಏನಿತ್ತು?

ಯೋಚನೆ ಮುಂದುವರಿಯುವ ಮೊದಲೇ ರಾಗಿಣಿ ಆಂಟಿ ಅವಳನ್ನು ಅಡುಗೆಮನೆಗೆ ಕರೆದು ಕೈಗೆ ಕಾಫಿ ಲೋಟ ಇಟ್ಟರು. ಬಾಗಿಲು ಮುಂದೆ ಮಾಡಿದರು.

"ಯಶ್ವಂತ್ ಎಲ್ಲಿ ಕಂದಾ?"

"ಅವರಪ್ಪಂಗೆ ಹುಷಾರಿಲ್ಲ ಆಂಟಿ. ಊರಿಗೆ ಹೋಗಿದಾರೆ."

"ನನ್ನ ಮುಖ ನೋಡ್ಕೊಂಡು ಹೇಳು. ಅತ್ತೆ ಸತ್ರೆ ಅಳಿಯ ಬರಲ್ವಾ? ನಿನಗೆ ಇನ್ಮೇಲೆ ಅಮ್ಮ ಅಂದ್ರೆ ನಾನೇ ಅಲ್ವಾ?"

ನಿನ್ನೆಯಿಂದ ಅಳದೆ ಉಳಿದಿದ್ದ ಸ್ಪಂದನಳಿಗೆ ಆ ಮಾತಿಗೆ ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಯಶ್ವಂತ್ ಕೆಂಗೇರಿಯ ಆಚೆ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾನೆ. ತಾನಾಗಿಯೇ ಹೋಗಿ ಸೇರಿಕೊಂಡ. ಮೊದಲ ಕೆಲವು ವಾರ ಯಾರನ್ನೂ ಹೊರಗೆ ಬಿಡುವುದಿಲ್ಲ. ಅವನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಸೂಪರ್‌ವೈಸರ್ ಪುರುಷೋತ್ತಮ ಆಗಲೇ ಎಚ್ಚರಿಕೆ ಕೊಟ್ಟಿದ್ದಾರೆ, ಇನ್ನೊಂದು ಸಲ ಕುಡಿತದ ಸುದ್ದಿ ಕಿವಿಗೆ ಬಿದ್ದರೆ ಮಷೀನಿಗೆ ಬೇರೆಯವರನ್ನು ಹಾಕುತ್ತೇನೆಂದು. ಊರಿನ ನೆಪ ಹೇಳಿ ರಜೆ ತೆಗೆದುಕೊಂಡಿದ್ದಾನೆ. ಕೆಲಸ ಹೋದರೆ ಅವನು ಮತ್ತೆ ಬಾಟಲಿ ಹಿಡಿಯುತ್ತಾನೆ, ಅದು ಅವಳಿಗೆ ಗೊತ್ತು.

ರಾಗಿಣಿ ಆಂಟಿ ಅವಳನ್ನು ಎದೆಗೆ ಅವುಚಿಕೊಂಡರು. ಸ್ಪಂದನಳಿಗೆ ಹಗುರವಾಯಿತು. ಅಮ್ಮನ ಬಳಿ ಹೀಗೆ ಅತ್ತ ನೆನಪೇ ಅವಳಿಗಿರಲಿಲ್ಲ.

* * *

ಇರಲಿಲ್ಲ ಎನ್ನುವುದಕ್ಕೆ ಕಾರಣವಿತ್ತು.

ಸ್ಪಂದನ ಏಳನೇ ಕ್ಲಾಸಿನಲ್ಲಿದ್ದಾಗಲೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಕೃಪಾವತಿ ಗದರಿದವಳಲ್ಲ. ಯಾರೂ ಏಳುವ ಮೊದಲೇ ಚಾದರ ಹಿಂಡಿ, ಟೆರೇಸಿನ ಟ್ಯಾಂಕಿನ ಹಿಂದೆ ಕಾಣದಂತೆ ಹರವುತ್ತಿದ್ದಳು.

ಆ ವರ್ಷ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಹಾಲ್ ತುಂಬ ಜನ, ಚಾಪೆಯ ಮೇಲೆ ಒಬ್ಬರಿಗೊಬ್ಬರು ಮಂಡಿ ತಾಗಿಸಿ ಕೂತಿದ್ದರು. ಸಂಡೇ ಸ್ಕೂಲಿನ ಹುಡುಗರು ಬಾಗಿಲ ಬಳಿ. ಆಗಿನ್ನೂ ಕಪ್ಪು ಕೂದಲಿನ ರಾಗಿಣಿ ಆಂಟಿ ಕೈ ಎತ್ತಿ, ಕಣ್ಣು ಮುಚ್ಚಿ, ಒಳ್ಳೆಯ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಒಬ್ಬೊಬ್ಬರ ಹೆಸರೂ ಬರುತ್ತಿತ್ತು. ಪ್ರತಿ ಹೆಸರಿಗೂ ಜನ "ಸ್ತೋತ್ರ" ಎನ್ನುತ್ತಿದ್ದರು.

"ಕರ್ತನೇ, ಈ ಮನೆಯ ಮಗಳನ್ನ ನೋಡು. ಇಷ್ಟು ದೊಡ್ಡವಳಾದ್ರೂ ಹಾಸಿಗೇಲಿ ಒದ್ದೆ ಮಾಡ್ಕೊಳ್ತಾಳೆ. ಅವಳ ತಾಯಿಯ ಕಣ್ಣೀರು ನೋಡು. ಈಗಲೇ ಮುಟ್ಟು ತಂದೆಯೇ."

"ಸ್ತೋತ್ರ," ಎಂದಿತು ಹಾಲ್ ಇಡೀ.

ಸ್ಪಂದನ ಕಣ್ಣು ತೆರೆದಳು. ಬಾಗಿಲ ಬಳಿಯ ಹುಡುಗರೂ ತೆರೆದಿದ್ದರು. ಮುಂದಿನ ಭಾನುವಾರದಿಂದ ಅವಳಿಗೆ 'ಟ್ಯಾಂಕರ್' ಎಂದು ಹೆಸರು ಬಿತ್ತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಹೆಸರು ಹೋಗಲಿಲ್ಲ.

ಕೂಟ ಮುಗಿದ ಮೇಲೆ ಅವಳನ್ನು ತಬ್ಬಿ ಸಮಾಧಾನ ಮಾಡಿದವರು ರಾಗಿಣಿ ಆಂಟಿಯೇ. "ನಾಚಿಕೆ ಯಾಕೆ ಕಂದಾ? ದೇವರ ಮನೇಲಿ ಮುಚ್ಚಿಡೋದು ಏನಿದೆ?" ಕೃಪಾವತಿ ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತವಳು ನಿಂತೇ ಇದ್ದಳು. ಟೀ ಆರಿತು.

ಮಗುವಿನ ಲೆಕ್ಕಾಚಾರ ಸರಳ. ಪ್ರಾರ್ಥನೆ ಮಾಡಿದವರದು ತಪ್ಪಾಗಲು ಸಾಧ್ಯವಿಲ್ಲ, ಪ್ರಾರ್ಥನೆ ಅಂದಮೇಲೆ ಅದು ಒಳ್ಳೆಯದೇ. ತಪ್ಪು ಗುಟ್ಟನ್ನು ಹೊರಗೆ ಹೇಳಿದ ಅಮ್ಮನದು. ಅಂದಿನಿಂದ ಜಗಳ ಬಂದಾಗಲೆಲ್ಲ ಸ್ಪಂದನಳದು ಒಂದೇ ಮಾತು, "ನಿನ್ನ ಹೊಟ್ಟೇಲಿ ಒಂದು ವಿಷ್ಯಾನೂ ನಿಲ್ಲಲ್ಲ." ಕೃಪಾವತಿಯದೂ ಒಂದೇ ಉತ್ತರ, "ಹೌದವ್ವ. ತಪ್ಪು ನಂದ ಐತಿ."

* * *

ಬೀದಿಯಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಪೆಟ್ಟಿಗೆ ಇಟ್ಟು ಆರಾಧನೆ ನಡೆಯಿತು. ಪಾಸ್ಟರ್ ಓದಿದರು. ಆಮೇಲೆ ಸತ್ತವರ ಬಗ್ಗೆ ನಾಲ್ಕು ಮಾತು ಹೇಳಲು ಸಭೆಯ ಕಾರ್ಯದರ್ಶಿ ಮೋಹನ್ ಕುಮಾರ್ ಎದ್ದು ನಿಂತರು.

"ಕೃಪಮ್ಮನವರು ಯಾರಿಗೂ ಹೊರೆಯಾದವರಲ್ಲ. ಪ್ರತಿ ಕೂಟದಲ್ಲೂ ಪಾಸ್ಟರು 'ಪ್ರಾರ್ಥನೆಗೆ ವಿಷಯ ಏನಾದ್ರೂ ಇದೆಯಾ' ಅಂತ ಕೇಳ್ತಾರಲ್ಲ, ಅವರು ಬಾಯಿ ಬಿಡೋಕೆ ಮುಂಚೇನೇ ನಾವೆಲ್ಲ 'ಮಂಡಿ' ಅಂತಿದ್ವಿ. ಅವರೂ ನಗೋರು. 'ಹೌದ್ರಿ, ಮಂಡಿನ' ಅನ್ನೋರು."

ಜನ ಮೆಲ್ಲಗೆ ನಕ್ಕರು. ಅಳುತ್ತಿದ್ದವರೂ ಮೂಗು ಒರೆಸಿಕೊಂಡು ನಕ್ಕರು. ಕುರ್ಚಿಯಲ್ಲಿ ಕೂತ ಮುನಿತಾಯಮ್ಮ ಮಾತ್ರ ತನ್ನ ಮಂಡಿಗಳನ್ನು ನೀವಿಕೊಳ್ಳುತ್ತ ಸ್ಪಂದನಳತ್ತ ನೋಡಿದರು, ನೋಡಿದ್ಯಾ ಎಂಬಂತೆ.

ಸ್ಪಂದನ ಪಕ್ಕದಲ್ಲಿದ್ದ ಪಾಸ್ಟರ ಹೆಂಡತಿಯ ಕಡೆ ವಾಲಿದಳು. "ಅಕ್ಕಾ, ಅಮ್ಮಂಗೆ ನಿಜವಾಗ್ಲೂ ಮಂಡಿ ನೋವಿತ್ತಾ?"

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. "ನಂಗೂ ಅನುಮಾನ ಇತ್ತಮ್ಮ. ಮೊಣಕಾಲೂರಿ ಪ್ರಾರ್ಥನೆ ಮಾಡ್ತೀವಲ್ಲ, ಎಲ್ಲರೂ ಎದ್ದು ಚಪ್ಪಲಿ ಹುಡುಕ್ತಿದ್ರೂ ಅವರು ಒಬ್ಬರೇ ಇನ್ನೂ ಹಾಗೇ ಇರೋರು. ಮಂಡಿ ನೋವಿದ್ದೋರು ಹಾಗಿರ್ತಾರಾ? ಒಂದ್ಸಲ ಕೇಳೇಬಿಟ್ಟೆ."

"ಏನಂದ್ಲು?"

"'ಮಂಡಿ ಒಂದ ನೋಡ್ರಿ, ನಾಕ್ ಮಂದಿ ಮುಂದ ಇಡಾಕ ಬರೂದು' ಅಂದು ನಕ್ಕುಬಿಟ್ರು. ನಂಗೆ ಅರ್ಥ ಆಗ್ಲಿಲ್ಲ. ಯಾಕಮ್ಮ?"

"ಏನಿಲ್ಲ ಅಕ್ಕಾ," ಎಂದಳು ಸ್ಪಂದನ. ಆದರೆ ಏನೋ ಇತ್ತು. ಬೇರೆಯವರ ಮನೆಯ ಬೀಗವನ್ನು ಎತ್ತಿ ನೋಡುವಂಥ ಕುತೂಹಲದಿಂದ ಅವಳು ಪೆಟ್ಟಿಗೆಯೊಳಗಿನ ಮುಖವನ್ನು ನೋಡಿದಳು. ಅಮ್ಮ ಮಂಡಿ ನೋವು ಹೇಳಲು ಶುರುಮಾಡಿದ್ದು ಯಾವಾಗ? ನೆನಪಿಸಿಕೊಂಡಳು. ಟ್ಯಾಂಕರ್ ಎಂಬ ಹೆಸರು ಬಿದ್ದ ವರ್ಷ.

* * *

ಕೆಲವು ವರ್ಷಗಳ ಹಿಂದಿನ ಮಾತು. ಸ್ಪಂದನಳಿಗೆ ಆಗಷ್ಟೇ ಮದುವೆಯಾಗಿತ್ತು. ರಾಗಿಣಿ ಆಂಟಿಯ ಗಂಡ ಹಾಸಿಗೆ ಹಿಡಿದಿದ್ದರು. ಕೃಪಾವತಿ ಶಾಲೆ ಮುಗಿಸಿ ನೇರ ಅವರ ಮನೆಗೆ ಹೋಗುತ್ತಿದ್ದಳು. ಗಂಜಿ ಕಾಯಿಸುವುದು, ಬಟ್ಟೆ ಒಗೆಯುವುದು, ಆ ಮನುಷ್ಯನನ್ನು ಪಕ್ಕಕ್ಕೆ ಹೊರಳಿಸುವುದು ಎಲ್ಲ ಅವಳೇ. ಒಂದು ದಿನ ಸ್ಪಂದನ ಜೊತೆಗೆ ಹೋಗಿದ್ದಳು.

"ನಿಮ್ಮಮ್ಮ ಬಂಗಾರ ಕಣೇ," ರಾಗಿಣಿ ಆಂಟಿ ಅಂದರು, "ಆದ್ರೆ ಮನಸ್ಸು ಬಿಚ್ಚಲ್ಲ. ಇಷ್ಟು ವರ್ಷ ಆಯ್ತು, ಒಳಗೇನಿದೆ ಅಂತ ಗೊತ್ತಾಗಲ್ಲ. ಅದು ಒಂಥರಾ ಹೆಮ್ಮೆ."

ಸ್ಪಂದನ ಅಡುಗೆಮನೆಗೆ ಬಂದು ತಾಯಿಯನ್ನು ತರಾಟೆಗೆ ತೆಗೆದುಕೊಂಡಳು. "ಅವರು ಅಷ್ಟು ಪ್ರೀತಿ ಮಾಡ್ತಾರೆ. ನೀನು ಹವಾಮಾನ, ತರಕಾರಿ ಬಿಟ್ಟು ಬೇರೆ ಮಾತೇ ಆಡಲ್ಲ. ಏನಮ್ಮ ನಿನ್ನ ಕಷ್ಟ?"

ಕೃಪಾವತಿ ಗಂಜಿಯ ಕೆನೆಯನ್ನು ಚಮಚದಿಂದ ಸರಿಸಿದಳು. "ಅಕೀಗೆ ಕೈಯಾಗಿಂದು ಕೊಡ್ತೇನಿ ನೋಡವ್ವ, ಬೇಕಾದಷ್ಟು. ಹೊಟ್ಟ್ಯಾಗಿಂದು ಕೊಡಂಗಿಲ್ಲ."

"ಬೈಬಲ್ಲಲ್ಲಿ ಹಾಗೇ ಹೇಳಿದೆಯಾ?"

"ಯೇಸುಸ್ವಾಮಿ ಮಂದೀನ ಎಷ್ಟ ಪ್ರೀತಿ ಮಾಡ್ತಿದ್ದ. ಖರೆ, ಪ್ರಾರ್ಥನಾ ಮಾಡೂ ಹೊತ್ತಿಗೆ ಒಬ್ಬನ ಗುಡ್ಡಕ್ಕ ಹೋಗ್ತಿದ್ದ. ಯಾಕ ಹೋಗ್ತಿದ್ದ ಅಂತ ನಂಗ ತಡಾ ಆಗಿ ತಿಳೀತು."

ತಿಳಿದದ್ದೇನೆಂದು ಸ್ಪಂದನ ಕೇಳಲಿಲ್ಲ. ಆಂಟಿ ಹೇಳಿದ್ದೇ ಸರಿ, ಇದು ಹೆಮ್ಮೆ ಅಂದುಕೊಂಡಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

* * *

ವ್ಯಾನು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುತ್ತಿತ್ತು. ಪೆಟ್ಟಿಗೆಯ ಒಂದು ಬದಿಗೆ ಸ್ಪಂದನ, ರಾಗಿಣಿ ಆಂಟಿ. ಎದುರಿಗೆ ಮುನಿತಾಯಮ್ಮ. "ನಮ್ಮಲ್ಲಿ ಹೆಂಗಸ್ರು ಮಣ್ಣಿಗೆ ಹೋಗಲ್ಲ. ಏನಾದ್ರಾಗ್ಲಿ, ನಾನು ಬತ್ತೀನಿ. ನನ್ ಮಂಡಿಗೆ ಎಣ್ಣೆ ಹಾಕಿದ ಕೈ ಅದು," ಎಂದು ಹಟ ಮಾಡಿ ಹತ್ತಿದ್ದರು. ಈಗ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದರು.

ರಾಗಿಣಿ ಆಂಟಿ ಸ್ಪಂದನಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು. ಕಿವಿಯ ಬಳಿ ಬಾಗಿ ಹೇಳಿದರು, "ಯಶ್ವಂತ್ ವಿಷ್ಯದಲ್ಲಿ ನೀನು ಹೆದರ್ಬೇಡ. ಮನುಷ್ಯರ ಕಿವಿಗೆ ಹಾಕಲ್ಲ. ದೇವರ ಪಾದಕ್ಕೆ ಮಾತ್ರ ಹಾಕ್ತೀನಿ."

ಸ್ಪಂದನ ತಟ್ಟನೆ ಅವರತ್ತ ತಿರುಗಿದಳು.

"ಮನೇಲಿ ಒಬ್ಬರೇ ಇದ್ದಾಗ ತಾನೇ ಆಂಟಿ?"

"ಪ್ರಾರ್ಥನೆಗೆ ಜಾಗ, ಹೊತ್ತು ಅಂತ ಇದೆಯಾ ಕಂದಾ? ಎಲ್ಲರೂ ಸೇರಿ ಬೇಡ್ಕೊಂಡ್ರೆ ಬಲ ಜಾಸ್ತಿ. ಇವತ್ತು ಇಷ್ಟು ಜನ ಸೇರಿದಾರೆ."

"ಬೇಡ ಆಂಟಿ. ಇವತ್ತು ಅದೊಂದು ಬೇಡ. ಅವರ ಪ್ರೆಸ್ಸಿನವರೂ ಬರ್ತಾರೆ."

"ನೋಡಿದ್ಯಾ, ಅದೇ ನಾಚಿಕೆ. ಸೈತಾನ ನಮ್ಮನ್ನ ಹಿಡಿದಿಡೋದೇ ಅಲ್ಲಿ." ಆಂಟಿ ಅವಳ ಕೈ ತಟ್ಟಿದರು. ದನಿಯಲ್ಲಿ ನಿಜವಾದ ಮಮತೆಯಿತ್ತು. "ನಿಮ್ಮಮ್ಮನ ಥರ ಬಿಗಿಯಾಗ್ಬೇಡ ಕಣೇ. ನೋಡು, ಕೊನೇತನಕ ಆಕೆ ಮಂಡಿಯಿಂದ ಮೇಲೆ ಬರ್ಲೇ ಇಲ್ಲ."

ಸ್ಪಂದನ ಮೆಲ್ಲಗೆ ಕೈ ಬಿಡಿಸಿಕೊಂಡು ಪೆಟ್ಟಿಗೆಯ ಅಂಚನ್ನು ಹಿಡಿದಳು. ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಅಮ್ಮನ ಮುಖ ಈಗ ಕಂಡಿತು. ಇಷ್ಟು ವರ್ಷ ಆ ಮುಖದಲ್ಲಿ ಅವಳು ಕಂಡದ್ದು ಸಿಕ್ಕಿಬಿದ್ದ ಕಳ್ಳಿಯನ್ನು. ಅಮ್ಮ ಹೇಳಿಕೊಂಡಿದ್ದು ಒಬ್ಬರ ಬಳಿ. ಅದೂ ಇವತ್ತು ಬೆಳಗ್ಗೆ ತಾನು ಅತ್ತ ಹಾಗೆಯೇ ಅತ್ತು, ಇದೇ ಎದೆಗೆ ಒರಗಿ ಹೇಳಿಕೊಂಡಿರಬೇಕು. ಆಮೇಲೆ ಮಗಳ ಬೈಗುಳವನ್ನೆಲ್ಲ ತಾನೇ ಹೊತ್ತಳು. ಆಂಟಿಯ ಹೆಸರನ್ನು ಒಂದು ಸಲವೂ ಕೆಡಿಸಲಿಲ್ಲ, ಅವರ ಮನೆಗೆ ಗಂಜಿ ಕಾಯಿಸುವುದನ್ನೂ ಬಿಡಲಿಲ್ಲ. ಆದರೆ ಅವರ ಕೈಗೆ ಮಂಡಿಯ ಹೊರತು ಬೇರೇನನ್ನೂ ಕೊಡಲಿಲ್ಲ.

"ಅಮ್ಮಾ," ಎಂದಳು ಸ್ಪಂದನ. ಮುನಿತಾಯಮ್ಮ ಎಚ್ಚರವಾಗಿ, "ಬಂತಾ?" ಎಂದರು.

* * *

ಸ್ಮಶಾನದ ಗೇಟಿನ ಬಳಿ ಬೈಕುಗಳು ನಿಂತಿದ್ದವು. ಪ್ರೆಸ್ಸಿನವರು ಮುಂಚೆಯೇ ಬಂದಿದ್ದರು. ಪುರುಷೋತ್ತಮ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದರು.

"ಧೈರ್ಯ ತಗೊಳಮ್ಮ. ಯಶ್ವಂತ್ ಫೋನ್ ಸ್ವಿಚಾಫ್ ಬರ್ತಿದೆ. ಅವರಪ್ಪ ಹೆಂಗಿದಾರೆ?"

"ಪರವಾಗಿಲ್ಲ ಸಾರ್."

ತಾಯಿಯ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಸುಳ್ಳು ಹೇಳಿದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಪಾಸ್ಟರ್ ಬಳಿಗೆ ಬೇಗ ಬೇಗ ನಡೆದು ಹೋದಳು.

"ಪಾಸ್ಟರ್, ಮಣ್ಣು ಹಾಕೋ ಮುಂಚಿನ ಪ್ರಾರ್ಥನೆ ನೀವೇ ಮಾಡಿ. ದಯವಿಟ್ಟು."

"ರಾಗಿಣಿ ಸಿಸ್ಟರ್ ಬೆಳಗ್ಗೇನೇ ಕೇಳ್ಕೊಂಡಿದಾರಮ್ಮ. ಇಷ್ಟೆಲ್ಲ ಓಡಾಡಿದಾರೆ, ಹೇಗೆ ಬೇಡ ಅನ್ನೋದು? ಚಿಕ್ಕದಾಗಿ ಮುಗಿಸ್ತಾರೆ ಬಿಡು."

ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಹಗ್ಗ ಎಳೆದುಕೊಂಡಾಗ ಅಂಚಿನ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು. "ಪ್ರಾರ್ಥಿಸೋಣ," ಎಂದರು ಪಾಸ್ಟರ್. ಎಲ್ಲರ ತಲೆ ಬಾಗಿತು, ಕಣ್ಣು ಮುಚ್ಚಿತು. ಪುರುಷೋತ್ತಮ ಕೂಡ ಹೆಲ್ಮೆಟ್ಟನ್ನು ಕೆಳಗಿಟ್ಟು ಕೈಮುಗಿದು ಕಣ್ಣು ಮುಚ್ಚಿದರು. ಮುನಿತಾಯಮ್ಮ ಮಾತ್ರ ತೆರೆದ ಕಣ್ಣಿನಿಂದ ಎಲ್ಲರನ್ನೂ ನೋಡುತ್ತಿದ್ದರು.

ಪ್ರಾರ್ಥನೆ ನಡೆಯುವಾಗ ಮಾತಾಡುವ ಪದ್ಧತಿ ಆ ಸಭೆಯಲ್ಲಿಲ್ಲ. ಮಗು ಅತ್ತರೆ ತಾಯಿ ಎತ್ತಿಕೊಂಡು ಹೊರಗೆ ಹೋಗುತ್ತಾಳೆ. ಕೆಮ್ಮು ಬಂದರೆ ಸೆರಗಿನಲ್ಲಿ ನುಂಗಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ನಿಂತವರ ನಡುವೆ ಒಂದು ದನಿ ಏನು ಹೇಳಿದರೂ ಉಳಿದವರು ಸ್ತೋತ್ರ ಎನ್ನಬೇಕು.

"ಕರ್ತನೇ," ರಾಗಿಣಿ ಆಂಟಿಯ ದನಿ ಈಗಲೂ ಚೆನ್ನಾಗಿತ್ತು. "ಕೃಪಾವತಿಯನ್ನ ನಮಗೆ ಕೊಟ್ಟಿದ್ದಕ್ಕೆ ವಂದನೆ. ಆಕೆಯ ನೋವಿನ ಮಂಡಿಗಳಿಗೆ ಇವತ್ತು ವಿಶ್ರಾಂತಿ ಕೊಟ್ಟಿದ್ದೀ."

"ಸ್ತೋತ್ರ."

"ಒಂಟಿಯಾಗಿ ನಿಂತಿರೋ ಈ ಮಗಳನ್ನ ನೋಡು ತಂದೆಯೇ. ಇಂಥಾ ದಿನ ಅವಳ ಪಕ್ಕದಲ್ಲಿ ಅವಳ ಗಂಡ ಇಲ್ಲ. ಯಾಕಿಲ್ಲ ಅನ್ನೋದು ನಿನಗೆ ಗೊತ್ತು."

"ಸ್ತೋತ್ರ," ಎಂದರು. ದನಿಗಳು ಸ್ವಲ್ಪ ತಗ್ಗಿದವು. ಜನ ಕಿವಿಗೊಟ್ಟರು. ಸ್ಪಂದನ ಪುರುಷೋತ್ತಮರ ಕಡೆ ನೋಡಿದಳು. ಅವರ ಮುಚ್ಚಿದ ರೆಪ್ಪೆಗಳು ಅಲುಗಿದವು.

"ಯಶ್ವಂತನನ್ನ ಹಿಡಿದಿರೋ ಆ ಬಂಧನವನ್ನ, ಕರ್ತನೇ, ಆ ಬಾಟ..."

ಸ್ಪಂದನ ಬಾಗಿ ಎರಡೂ ಕೈಯಲ್ಲಿ ಹೆಂಟೆಯ ಸಮೇತ ಮಣ್ಣನ್ನು ಬಾಚಿ ಗುಂಡಿಗೆ ಹಾಕಿದಳು. ಪೆಟ್ಟಿಗೆಯ ಮುಚ್ಚಳದ ಮೇಲೆ ಅದು ಬಾಗಿಲು ಬಡಿದಂತೆ ಸದ್ದು ಮಾಡಿತು. ಎಲ್ಲರೂ ಬೆಚ್ಚಿ ಕಣ್ಣು ತೆರೆದರು. ಸದ್ದು ಆರುವ ಮೊದಲೇ ಅವಳು ಇನ್ನೊಂದು ಹಿಡಿ ಹಾಕಿದಳು, ಮತ್ತೊಂದು ಹಾಕಿದಳು.

"ಹಾಕ್ಬೇಕಾ? ಹಾಕ್ತೀನಿ, ಇರು," ಎಂದು ಮುನಿತಾಯಮ್ಮ ಗಟ್ಟಿಯಾಗಿ ಹೇಳಿ, ಮಂಡಿಯ ಮೇಲೆ ಕೈಯೂರಿ ನರಳುತ್ತ ಬಗ್ಗಿದರು. "ಹೋಗ್ಬಾ ಕೃಪಮ್ಮ. ನಾಳೆಯಿಂದ ನನ್ನ ಯಾರು ಎಳ್ಕೊಂಡು ಹೋಗ್ತಾರೆ?" ಅವರ ಅಳು ಸ್ಮಶಾನಕ್ಕೆಲ್ಲ ಕೇಳಿಸಿತು. ಪ್ರಾರ್ಥನೆ ಮುಗಿಯಿತೇನೋ ಅಂದುಕೊಂಡು ಹಿಂದಿನವರು ಮುಂದೆ ಬಂದರು. ಸಾಲು ಆಯಿತು. ಪಾಸ್ಟರ್ ಏನೋ ಹೇಳಲು ಬಾಯಿ ತೆರೆದವರು, ಸ್ಪಂದನಳ ಮುಖ ನೋಡಿ, ಹೆಂಡತಿಯ ಮುಖ ನೋಡಿ, ತಾವೂ ಒಂದು ಹಿಡಿ ಮಣ್ಣು ತೆಗೆದುಕೊಂಡರು.

ಪುರುಷೋತ್ತಮ ಮಣ್ಣು ಹಾಕಿ ಕೈ ಕೊಡವಿಕೊಂಡು ಬಂದರು. "ಯಶ್ವಂತ್ ವಾಪಸ್ ಬಂದ್ಮೇಲೆ ನನ್ನ ಬಂದು ನೋಡೋಕೆ ಹೇಳಮ್ಮ," ಎಂದರು. ದನಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಹೆಲ್ಮೆಟ್ ಎತ್ತಿಕೊಂಡು ಹೋದರು. ಅವರು ಎಷ್ಟು ಕೇಳಿಸಿಕೊಂಡಿದ್ದರು, ಎಷ್ಟು ಅರ್ಥಮಾಡಿಕೊಂಡಿದ್ದರು, ತಿಳಿಯದು.

ರಾಗಿಣಿ ಆಂಟಿ ಮಾತ್ರ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಎತ್ತಿದ ಕೈ ಹಾಗೇ ಇತ್ತು. ಜನ ಅವರನ್ನು ಬಳಸಿಕೊಂಡು ಗುಂಡಿಯ ಬಳಿಗೆ ಹೋಗಿ ಬರುತ್ತಿದ್ದರು. ಒಬ್ಬೊಬ್ಬರ ಹಿಡಿಯಿಂದಲೂ ಜಾರಿದ ಮಣ್ಣು ಅವರ ಬಿಳಿ ಸೀರೆಯ ಅಂಚಿಗೆ ಬೀಳುತ್ತಿತ್ತು. ತುಟಿಗಳು ಅಲುಗುತ್ತಿದ್ದವು, ದನಿ ಹೊರಡುತ್ತಿರಲಿಲ್ಲ. ಆ ತುಟಿಗಳು ಏನನ್ನು ಹೇಳುತ್ತಿದ್ದವೋ, ಯಾರಿಗೆ ಹೇಳುತ್ತಿದ್ದವೋ, ಹತ್ತಿರವೇ ನಿಂತಿದ್ದ ಸ್ಪಂದನಳಿಗೂ ಗೊತ್ತಾಗಲಿಲ್ಲ.